ಲೂಪಸ್ ಇರುವ ಹುಡುಗಿಯ ಮುಟ್ಟು: ತಪ್ಪು ಕಲ್ಪನೆ ಮತ್ತು ಸತ್ಯ

ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಮುಟ್ಟಿನ ತೊಂದರೆ ನೋಡುವ ಡಾಕ್ಟರು ಸಿಗುತ್ತಾರೆ. ತಾಲೂಕು ಆಸ್ಪತ್ರೆ ಇದೆ, ಪೇಟೆಯಲ್ಲಿ ಹೆರಿಗೆ ಆಸ್ಪತ್ರೆಗಳಿವೆ. ಲೂಪಸ್ ಕಾಯಿಲೆಗೆ ಮದ್ದು ಮಾಡುವ ತಜ್ಞರು ಮಾತ್ರ ದೂರ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್. ಹೊನ್ನಾವರ, ಕುಮಟಾದವರಿಗೆ ಅದಕ್ಕಿಂತ ಹೆಚ್ಚು. ಮಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕೆಂದರೆ ಇಡೀ ದಿನ ಅದಕ್ಕೇ ಸರಿ. ಈ ದೂರ ಎಷ್ಟು ದುಬಾರಿ ಎಂಬುದನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಅದರ ಬೆನ್ನಲ್ಲೇ ಊರೂರಲ್ಲಿ ಎದ್ದಿತು.

ಈ ದೂರ ಲೂಪಸ್ ಇರುವ ಹದಿಹರೆಯದ ಹುಡುಗಿಯರಿಗೆ ಇನ್ನೊಂದು ಬಗೆಯಲ್ಲೂ ಕಾಡುತ್ತದೆ. ದೊಡ್ಡಾಸ್ಪತ್ರೆಯಲ್ಲಿ ಗಂಟುನೋವು, ಮೂತ್ರಪಿಂಡ, ಮಾತ್ರೆಗಳ ಮಾತು ಮುಗಿಯುವಷ್ಟರಲ್ಲಿ ಸಮಯವಾಗಿರುತ್ತದೆ. ಜೊತೆಗೆ ಅಪ್ಪ ಇದ್ದಾನೆ, ಎದುರಿಗೆ ಗುರುತಿಲ್ಲದ ಡಾಕ್ಟರು. ಮುಟ್ಟಿನ ಮಾತನ್ನು ಹುಡುಗಿ ಎತ್ತುವುದಿಲ್ಲ. ಊರಿಗೆ ಬಂದು ಮುಟ್ಟಿನ ತೊಂದರೆಗೆ ಹತ್ತಿರದ ಡಾಕ್ಟರಲ್ಲಿಗೆ ಹೋದಾಗ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದುಕೊಂಡು ಮನೆಯವರು ಲೂಪಸ್ ಸುದ್ದಿ ಎತ್ತುವುದಿಲ್ಲ. ಸಂಬಂಧ ತುಂಬಾ ಇದೆ. ಮುಟ್ಟು ತಪ್ಪುವುದು, ವಿಪರೀತ ಹೋಗುವುದು, ಅದಕ್ಕೆಂದು ನುಂಗುವ ಮಾತ್ರೆ, ಎಲ್ಲವೂ ಲೂಪಸ್ ಜೊತೆ ಬೆಸೆದುಕೊಂಡಿವೆ. ಆ ಬೆಸುಗೆ ಕಾಣದಂತೆ ಮಾಡಿರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಕೆನ್ನೆ ಕೆಂಪಾದದ್ದು ಉಷ್ಣಕ್ಕೆ. ಇಲ್ಲವಾದರೆ ಬಂಗು, ಅದೂ ಅಲ್ಲವಾದರೆ ನಂಜು.

ಸತ್ಯ: ಕೆನ್ನೆಯ ಕೆಂಪಿಗೆಲ್ಲ ಲೂಪಸ್ ಕಾರಣವಲ್ಲ. ಆದರೆ ಎರಡೂ ಕೆನ್ನೆಗಳ ಮೇಲೆ ಹರಡಿ, ಮೂಗಿನ ಮೇಲ್ಭಾಗವನ್ನು ದಾಟಿ ಚಿಟ್ಟೆಯ ಆಕಾರದಲ್ಲಿ ಕೂರುವ, ಬಿಸಿಲಿಗೆ ಹೋದಾಗ ಹೆಚ್ಚುವ ಕೆಂಪನ್ನು ಕಡೆಗಣಿಸಬಾರದು. ಅದರ ಜೊತೆ ವಾರಗಟ್ಟಲೆ ಬಿಡದ ಸಣ್ಣ ಜ್ವರ, ಬೆಳಿಗ್ಗೆ ಬಿಗಿಯುವ ಕೀಲುಗಳು, ಬಾಯಿಯೊಳಗೆ ನೋವಿಲ್ಲದ ಹುಣ್ಣು, ಕೂದಲು ಉದುರುವಿಕೆ, ನೊರೆನೊರೆಯಾದ ಮೂತ್ರ, ಕಾಲಿನ ಬಾವು ಇವುಗಳಲ್ಲಿ ಯಾವುದೇ ಇದ್ದರೂ ತಡಮಾಡದೆ ಪರೀಕ್ಷೆ ಮಾಡಿಸಬೇಕು.

ರೋಗಾಣುಗಳಿಂದ ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದೇಹದ ಚರ್ಮ, ಕೀಲು, ರಕ್ತಕಣ, ಮೂತ್ರಪಿಂಡಗಳ ಮೇಲೆ ತಿರುಗಿಬೀಳುವ ಕಾಯಿಲೆ ಲೂಪಸ್. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಹತ್ತು ಮಂದಿ ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ನೂರರಲ್ಲಿ ಹದಿನೈದರಿಂದ ಇಪ್ಪತ್ತು ಮಂದಿಗೆ ಕಾಯಿಲೆ ಶುರುವಾಗುವುದು ಹದಿನೆಂಟು ತುಂಬುವ ಮೊದಲೇ, ಹೆಚ್ಚಾಗಿ ಹನ್ನೊಂದು ಹನ್ನೆರಡರ ಆಸುಪಾಸಿನಲ್ಲಿ. ಅಂದರೆ ಹುಡುಗಿ ಮೈನೆರೆಯುವ ಹೊತ್ತೂ ಲೂಪಸ್ ಕಾಲಿಡುವ ಹೊತ್ತೂ ಎಷ್ಟೋ ಸಲ ಒಂದೇ. ಹಾಗಾಗಿ ಸುಸ್ತು, ಮೈಕೈ ನೋವು, ಮುಖದ ಬಣ್ಣ ಎಲ್ಲವನ್ನೂ 'ದೊಡ್ಡವಳಾಗುತ್ತಿದ್ದಾಳೆ' ಎಂಬ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಚಿಕ್ಕ ವಯಸ್ಸಿನಲ್ಲಿ ಬರುವ ಲೂಪಸ್ ದೊಡ್ಡವರದಕ್ಕಿಂತ ಜೋರು, ಮೂತ್ರಪಿಂಡವನ್ನು ಹಿಡಿಯುವುದೂ ಹೆಚ್ಚು. ತಡವಾದಷ್ಟೂ ನಷ್ಟ.

ಬಿಸಿಲಿನ ಮಾತು ಈ ಮೂರು ತಾಲೂಕಿನವರಿಗೆ ಮುಖ್ಯ. ದಕ್ಕೆಯಲ್ಲಿ ಮೀನು ಒಣಗಿಸುವ, ಗದ್ದೆಯಲ್ಲಿ ನೆಟ್ಟಿ ಮಾಡುವ, ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ದುಡಿಯುವ ತಾಯಂದಿರ ಜೊತೆ ರಜೆಯಲ್ಲಿ ಮಕ್ಕಳೂ ಬಿಸಿಲಿಗೆ ಇಳಿಯುತ್ತಾರೆ. ಬಿಸಿಲಿನ ನೇರಳಾತೀತ ಕಿರಣ ಲೂಪಸನ್ನು ಕೆರಳಿಸುತ್ತದೆ, ಮರಳು ಮತ್ತು ನೀರಿನಿಂದ ಪ್ರತಿಫಲಿಸಿ ಇನ್ನಷ್ಟು ತಾಗುತ್ತದೆ. ಕೊಡೆ, ಉದ್ದ ತೋಳು, ಸನ್‌ಸ್ಕ್ರೀನ್ ಈ ಹುಡುಗಿಗೆ ಔಷಧಿಯ ಭಾಗವೇ. ಶಾಲೆಯ ಮೈದಾನದ ಕವಾಯತಿನಿಂದ ಅವಳಿಗೆ ವಿನಾಯಿತಿ ಕೊಡಬೇಕು.

ತಪ್ಪು ಕಲ್ಪನೆ: ಇದು ಅಂಟುರೋಗ. ಅವಳ ತಟ್ಟೆ, ಬಟ್ಟೆ ಬೇರೆ ಇಡಬೇಕು.

ಸತ್ಯ: ಲೂಪಸ್ ಅಂಟುವುದಿಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಅವಳು ಮುಟ್ಟಾದಾಗ ಬಳಸಿದ ಬಟ್ಟೆಯಿಂದಲೂ ಬರುವುದಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ತಿನ್ನುವ ಅವಳಿಗೇ ನಮ್ಮ ನೆಗಡಿ, ಜ್ವರ ತಾಗುವ ಭಯ ಹೆಚ್ಚು.

ತಪ್ಪು ಕಲ್ಪನೆ: ಇನ್ನೂ ದೊಡ್ಡವಳಾಗಿಲ್ಲ, ಅಥವಾ ಆದ ಮೇಲೆ ಮುಟ್ಟು ನಿಂತಿದೆ ಎಂದರೆ ನಾಗದೋಷ. ದೋಷ ಕಳೆದರೆ ಸರಿಯಾಗುತ್ತದೆ.

ಸತ್ಯ: ಕರಾವಳಿಯಲ್ಲಿ ಚರ್ಮದ ಕಲೆ, ಮುಟ್ಟಿನ ಏರುಪೇರು, ಬಂಜೆತನ ಮೂರನ್ನೂ ನಾಗನಿಗೆ ಜೋಡಿಸುವ ರೂಢಿ ಹಳೆಯದು. ಲೂಪಸ್‌ನಲ್ಲಿ ಮೊದಲೆರಡು ಒಟ್ಟಿಗೇ ಬರುವುದರಿಂದ ನಂಬಿಕೆ ಗಟ್ಟಿಯಾಗುತ್ತದೆ. ಪೂಜೆ ಮಾಡುವವರು ಮಾಡಲಿ, ಆದರೆ ಅದಕ್ಕಾಗಿ ಆಸ್ಪತ್ರೆಯ ತಾರೀಕು ಮುಂದಕ್ಕೆ ಹೋಗಬಾರದು. ಕಾಯಿಲೆ ಕೆರಳಿದಾಗ ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನಿನ ಸೂಚನೆ ಕುಂದುತ್ತದೆ. ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಮಾತ್ರೆಗಳೂ ಅದನ್ನೇ ಮಾಡುತ್ತವೆ. ಮೂತ್ರಪಿಂಡ ಸೋತಿದ್ದರೆ, ಮೈತೂಕ ಇಳಿದಿದ್ದರೆ ಮುಟ್ಟು ಇನ್ನೂ ತಡ. ಎಷ್ಟೋ ಹುಡುಗಿಯರಲ್ಲಿ ಕಾಯಿಲೆ ಹತೋಟಿಗೆ ಬಂದು ಸ್ಟೀರಾಯ್ಡ್ ಪ್ರಮಾಣ ಇಳಿದ ಹಾಗೆ ಮುಟ್ಟು ತಾನಾಗಿ ಮರಳುತ್ತದೆ. ಹಾಗೆಯೇ ಸರಿಯಾಗಿ ಬರುತ್ತಿದ್ದ ಮುಟ್ಟು ಇದ್ದಕ್ಕಿದ್ದಂತೆ ತಪ್ಪತೊಡಗಿದರೆ ಲೂಪಸ್ ಮತ್ತೆ ತಲೆಯೆತ್ತುತ್ತಿರಬಹುದು. ಅದನ್ನು ಲೂಪಸ್ ಡಾಕ್ಟರಿಗೆ ಹೇಳಲೇಬೇಕು.

ಅಳತೆಗಳು ಇವು. ಹದಿನೈದು ತುಂಬಿದರೂ ಮೈನೆರೆಯದಿದ್ದರೆ ಡಾಕ್ಟರಿಗೆ ತೋರಿಸಬೇಕು. ಮೊದಲ ಒಂದೆರಡು ವರ್ಷ 21ರಿಂದ 45 ದಿನಕ್ಕೊಮ್ಮೆ ಮುಟ್ಟಾಗುವುದು ಸಹಜ. ಮೂರು ತಿಂಗಳು ಕಾಣದಿದ್ದರೆ ತೋರಿಸಬೇಕು. ಇದೆಲ್ಲ 'ಪಿಸಿಓಡಿ ಇರಬೇಕು' ಎಂದು ಅಕ್ಕಪಕ್ಕದವರು ಹೇಳುವುದುಂಟು. ಇರಲೂಬಹುದು. ಆದರೆ ಪಿಸಿಓಡಿಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳಲ್ಲಿ ಈಸ್ಟ್ರೊಜೆನ್ ಹಾರ್ಮೋನು ಇರುತ್ತದೆ. ಲೂಪಸ್ ಇದೆ ಎಂದು ಹೇಳದೆ ಆ ಮಾತ್ರೆ ಬರೆಸಿಕೊಳ್ಳುವುದು ಅಪಾಯ. ಅದೇಕೆ ಎಂಬುದು ಮುಂದೆ ಇದೆ.

ತಪ್ಪು ಕಲ್ಪನೆ: ಹೆಚ್ಚು ಹೋದರೆ ಒಳ್ಳೆಯದೇ. ಮೈಯಲ್ಲಿರುವ ಕೆಟ್ಟ ರಕ್ತ ಹೋಗಲಿ.

ಸತ್ಯ: ಮುಟ್ಟಿನಲ್ಲಿ ಹೋಗುವುದು ಕೆಟ್ಟ ರಕ್ತವಲ್ಲ, ನರನಾಡಿಯಲ್ಲಿ ಹರಿಯುವ ಅದೇ ರಕ್ತ ಮತ್ತು ಗರ್ಭಕೋಶದ ಒಳಪದರ. ಭಾರತದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಇದೆಯೆಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹೋಗುವ ಒಂದೊಂದು ಹನಿಗೂ ಬೆಲೆ ಇದೆ.

ಲೂಪಸ್ ಇರುವ ಹುಡುಗಿಗೆ ವಿಪರೀತ ರಕ್ತಸ್ರಾವವಾದರೆ ಕಾರಣ ಹುಡುಕಬೇಕು. ರಕ್ತಸ್ರಾವ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳನ್ನು ಲೂಪಸ್ ನಾಶಮಾಡುತ್ತಿರಬಹುದು. ಕೆಲವರಲ್ಲಿ ಲೂಪಸ್ ಇದೆಯೆಂದು ಗೊತ್ತಾಗುವುದೇ ನಿಲ್ಲದ ಮುಟ್ಟಿನಿಂದ. ರಕ್ತ ಹೆಪ್ಪುಗಟ್ಟುವ ತೊಂದರೆಗೆ ವಾರ್ಫರಿನ್‌ನಂಥ ಮಾತ್ರೆ ನುಂಗುತ್ತಿದ್ದರೂ ಸ್ರಾವ ಜಾಸ್ತಿಯಾಗುತ್ತದೆ. ಏಳು ದಿನಕ್ಕಿಂತ ಹೆಚ್ಚು ಹೋದರೆ, ಒಂದೆರಡು ಗಂಟೆಗೇ ಪ್ಯಾಡ್ ತೊಯ್ದರೆ, ದೊಡ್ಡ ಗಡ್ಡೆಗಳು ಬಿದ್ದರೆ, ಜೊತೆಗೆ ಒಸಡಿನಲ್ಲಿ ರಕ್ತ ಅಥವಾ ಕಾಲಿನ ಮೇಲೆ ಕೆಂಪು ಚುಕ್ಕಿ ಕಂಡರೆ ಅಂದೇ ರಕ್ತಪರೀಕ್ಷೆ ಮಾಡಿಸಿ. ಪ್ಲೇಟ್‌ಲೆಟ್ ಎಣಿಕೆ ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ.

ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಅವಳೂ ತಿನ್ನಬಹುದು, ತಿನ್ನಬೇಕು. ಅದರಿಂದ ರಕ್ತ ಏರದಿದ್ದರೆ 'ಅವಳಿಗೆ ಮೈಗೆ ಹತ್ತುವುದಿಲ್ಲ' ಎಂದು ಬಿಟ್ಟುಬಿಡಬಾರದು. ಲೂಪಸ್‌ನಲ್ಲಿ ರಕ್ತಹೀನತೆಗೆ ಮುಖ್ಯವಾಗಿ ಮೂರು ದಾರಿ: ಕಬ್ಬಿಣಾಂಶದ ಕೊರತೆ, ದೀರ್ಘಕಾಲದ ಉರಿಯೂತ, ಮತ್ತು ಕೆಂಪು ರಕ್ತಕಣಗಳನ್ನು ದೇಹವೇ ಒಡೆಯುವುದು. ಕಬ್ಬಿಣ ಮೊದಲನೆಯದಕ್ಕೆ ಮಾತ್ರ ಮದ್ದು.

ತಪ್ಪು ಕಲ್ಪನೆ: ಮುಟ್ಟಿನ ಹೊಟ್ಟೆನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದರೆ ಆಯಿತು.

ಸತ್ಯ: ಎಲ್ಲ ಮನೆಗಳಲ್ಲೂ ಸಿಗುವ ಮೆಫೆನಾಮಿಕ್ ಆಸಿಡ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಆರೋಗ್ಯವಂತ ಹುಡುಗಿಗೆ ಒಂದೆರಡು ದಿನ ತೊಂದರೆ ಕೊಡುವುದಿಲ್ಲ. ಲೂಪಸ್ ಮೂತ್ರಪಿಂಡವನ್ನು ಹಿಡಿದಿದ್ದರೆ ಇವೇ ಮಾತ್ರೆಗಳು ಅದಕ್ಕೆ ರಕ್ತ ಹರಿಯುವುದನ್ನು ತಗ್ಗಿಸಿ ಕೆಡುಕು ಮಾಡಬಲ್ಲವು. ಸ್ಟೀರಾಯ್ಡ್ ಜೊತೆ ಸೇರಿದರೆ ಹೊಟ್ಟೆಯ ಹುಣ್ಣಿನ ಭಯ. ಬಿಸಿನೀರಿನ ಶಾಖ, ಪ್ಯಾರಾಸಿಟಮಾಲ್ ಮೊದಲ ಆಯ್ಕೆಯಾಗಲಿ. ಸಾಲದಿದ್ದರೆ ತನ್ನ ಮೂತ್ರಪಿಂಡದ ಸ್ಥಿತಿ ಗೊತ್ತಿರುವ ಡಾಕ್ಟರಿಂದ ಬರೆಸಿಕೊಳ್ಳಲಿ. ರಕ್ತಸ್ರಾವ ತಡೆಯಲು ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯದ್ದೂ ಇದೇ ಮಾತು. ರಕ್ತ ಹೆಪ್ಪುಗಟ್ಟುವ ಸ್ವಭಾವ ಇರುವವರಿಗೆ ಅದನ್ನು ಕಣ್ಣುಮುಚ್ಚಿ ಕೊಡುವಂತಿಲ್ಲ.

ತಪ್ಪು ಕಲ್ಪನೆ: ಜಾತ್ರೆಗೆ, ಪೂಜೆಗೆ ಮುಟ್ಟು ಮುಂದೂಡುವ ಮಾತ್ರೆ ನುಂಗಿದರೆ ಏನೂ ಆಗುವುದಿಲ್ಲ. ಎಲ್ಲರೂ ನುಂಗುತ್ತಾರೆ.

ಸತ್ಯ: ಈ ಬರಹದಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ.

ಚೌತಿ, ಮನೆಯ ಮದುವೆ, ಇಡಗುಂಜಿಯ ಹರಕೆ, ಗೋಕರ್ಣದ ಶಿವರಾತ್ರಿ, ರಂಜಾನಿನ ಕೊನೆಯ ಹತ್ತು ದಿನ, ಮೆಕ್ಕಾ ಯಾತ್ರೆ. ಧರ್ಮ ಯಾವುದಾದರೂ ಈ ಮಾತ್ರೆಯ ಬಳಕೆ ಒಂದೇ. ಚೀಟಿಯಿಲ್ಲದೆ, ಅತ್ತಿಗೆಯೋ ಗೆಳತಿಯೋ ಹೇಳಿದ ಹೆಸರಿನ ಮೇಲೆ ತರಿಸಿ ನುಂಗುತ್ತಾರೆ. ಅದು ಹೆಚ್ಚಾಗಿ ನಾರ್‌ಎಥಿಸ್ಟರೋನ್. ಪ್ರೊಜೆಸ್ಟರೋನ್ ಜಾತಿಯದಾದರೂ ಮುಟ್ಟು ತಡೆಯಲು ಬೇಕಾದ ದೊಡ್ಡ ಪ್ರಮಾಣದಲ್ಲಿ ಅದರ ಒಂದಂಶ ದೇಹದಲ್ಲಿ ಈಸ್ಟ್ರೊಜೆನ್ ಆಗಿ ಮಾರ್ಪಡುತ್ತದೆ.

ಲೂಪಸ್ ಇರುವ ಕೆಲವರ ರಕ್ತದಲ್ಲಿ ಆಂಟಿಫಾಸ್ಫೋಲಿಪಿಡ್ ಎಂಬ ಪ್ರತಿಕಾಯಗಳಿರುತ್ತವೆ. ಇವು ರಕ್ತವನ್ನು ನಾಳದೊಳಗೇ ಹೆಪ್ಪುಗಟ್ಟಿಸುವ ಪ್ರವೃತ್ತಿಯವು. ಹೆಪ್ಪು ಕಾಲಿನಲ್ಲಿ ಕಟ್ಟಿದರೆ ಬಾವು ಮತ್ತು ನೋವು, ಶ್ವಾಸಕೋಶಕ್ಕೆ ಹೋದರೆ ಉಸಿರು ಕಟ್ಟುವುದು, ಮಿದುಳಿನಲ್ಲಾದರೆ ಲಕ್ವ. ಹದಿನಾರರ ಹುಡುಗಿಗೂ ಇದು ಆಗಬಹುದು. ಇಂಥವರಿಗೆ ಈಸ್ಟ್ರೊಜೆನ್ ಸೇರಿದರೆ ಅಪಾಯ ಇನ್ನೂ ಏರುತ್ತದೆ. ಪ್ರತಿಕಾಯ ಇದೆಯೋ ಇಲ್ಲವೋ ಎಂದು ರಕ್ತಪರೀಕ್ಷೆ ಮಾತ್ರ ಹೇಳಬಲ್ಲದು. ಆ ಪರೀಕ್ಷೆಯ ಫಲಿತಾಂಶ ಫೈಲಿನಲ್ಲಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಕೇಳಿ.

ಹಾಗೆಂದು ಹಾರ್ಮೋನು ಎಂದರೆ ಲೂಪಸ್‌ಗೆ ವಿಷ ಎಂಬ ಇನ್ನೊಂದು ಅತಿಗೂ ಹೋಗಬೇಕಿಲ್ಲ. 2005ರಲ್ಲಿ ಅಮೆರಿಕ ಮತ್ತು ಮೆಕ್ಸಿಕೊದ ಎರಡು ಅಧ್ಯಯನಗಳು ಪ್ರಕಟವಾದವು. ಕಾಯಿಲೆ ಹತೋಟಿಯಲ್ಲಿದ್ದ ಹೆಂಗಸರು ಈಸ್ಟ್ರೊಜೆನ್ ಇರುವ ಮಾತ್ರೆ ನುಂಗಿದರೂ ಲೂಪಸ್ ಕೆರಳುವುದು ಹೆಚ್ಚಾಗಲಿಲ್ಲ ಎಂದು ಎರಡೂ ತೋರಿಸಿದವು. ಪ್ರತಿಕಾಯ ಇಲ್ಲದಿದ್ದರೆ, ಕಾಯಿಲೆ ಶಾಂತವಾಗಿದ್ದರೆ ಡಾಕ್ಟರ ಆಯ್ಕೆಗೆ ಜಾಗವಿದೆ. ವಿಪರೀತ ರಕ್ತಸ್ರಾವಕ್ಕೆ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದಂಥ ಸುರಕ್ಷಿತ ದಾರಿಗಳೂ ಇವೆ. ಬೇಡ ಎಂದು ಹೇಳುತ್ತಿರುವುದು ಪರೀಕ್ಷೆಯಿಲ್ಲದೆ, ಚೀಟಿಯಿಲ್ಲದೆ ನುಂಗುವುದಕ್ಕೆ. ದೇವರ ಕಾರ್ಯಕ್ಕೆ ಅವಳು ಒಂದು ಸಲ ಬಾರದಿದ್ದರೆ ಯಾವ ದೇವರೂ ಮುನಿಯುವುದಿಲ್ಲ ಎಂದು ಮನೆಯ ಹಿರಿಯರೇ ಹೇಳಬೇಕು. ಅವಳಾಗಿ ಆ ಮಾತು ಹೇಳಲಾರಳು.

ತಪ್ಪು ಕಲ್ಪನೆ: ಹೊರಗಾದ ಮೂರು ದಿನ ಮದ್ದು ಬೇಡ, ಆಸ್ಪತ್ರೆಯೂ ಬೇಡ.

ಸತ್ಯ: ಮುಟ್ಟಿನ ದಿನಗಳಲ್ಲಿ ಲೂಪಸ್‌ನ ಯಾವ ಮಾತ್ರೆಯನ್ನೂ ನಿಲ್ಲಿಸಬೇಕಿಲ್ಲ. ಕೆಲವರಿಗೆ ಮುಟ್ಟಿನ ಆಸುಪಾಸಿನಲ್ಲೇ ಗಂಟುನೋವು, ಸುಸ್ತು ಹೆಚ್ಚುವುದರಿಂದ ಆ ದಿನಗಳಲ್ಲಿ ತಪ್ಪಿಸುವುದಂತೂ ಸಲ್ಲ. ಹೊರಗೆ ಕೂರುವ ರೂಢಿ ಇರುವ ಮನೆಯಲ್ಲಿ ಮಾತ್ರೆ ಡಬ್ಬಿ ಒಳಕೋಣೆಯಲ್ಲಿದ್ದರೆ ಅವಳು ಅದನ್ನು ಮುಟ್ಟುವಂತಿಲ್ಲ, ಬೇರೆಯವರಿಗೆ ನೆನಪಾಗುವುದಿಲ್ಲ. ತಿಂಗಳಿಗೆ ಮೂರು ದಿನ ಹೀಗೆ ತಪ್ಪಿದರೂ ಕಾಯಿಲೆ ಕೆರಳಬಹುದು. ಡಬ್ಬಿ ಅವಳ ಕೈಯಲ್ಲೇ ಇರಲಿ. ತಣ್ಣನೆಯ ನೆಲದ ಮೇಲೆ ಮಲಗುವುದು, ಎಲ್ಲರೂ ಉಂಡ ಮೇಲೆ ಉಣ್ಣುವುದು ಕೀಲು ಬಾತ ಹುಡುಗಿಗೆ ಶಿಕ್ಷೆ. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಲು, ಬಟ್ಟೆಯಾದರೆ ತೊಳೆದು ಬಿಸಿಲಿಗೆ ಒಣಗಿಸಲು ಅವಳಿಗೆ ಅನುಕೂಲ ಬೇಕು. ಸೋಂಕು ಅವಳಿಗೆ ಬೇಗ ತಾಗುತ್ತದೆ.

ಪರೀಕ್ಷೆಯ ವಿಷಯದಲ್ಲಿ ಒಂದು ಎಚ್ಚರ ಮಾತ್ರ ಬೇಕು. ಲೂಪಸ್ ಮೂತ್ರಪಿಂಡವನ್ನು ತಾಗಿದೆಯೇ ಎಂದು ತಿಳಿಯಲು ಮೂತ್ರದಲ್ಲಿ ರಕ್ತ ಮತ್ತು ಪ್ರೋಟೀನ್ ಇದೆಯೇ ಎಂದು ನೋಡುತ್ತಾರೆ. ಮುಟ್ಟಿನ ರಕ್ತ ಅದರಲ್ಲಿ ಬೆರೆತರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಇಲ್ಲದ ಕಾಯಿಲೆ ಇದ್ದಂತೆ ಕಂಡು ಮದ್ದಿನ ಪ್ರಮಾಣವೇ ಏರಬಹುದು. 'ಮುಟ್ಟಾಗಿದ್ದೇನೆ' ಎಂದು ಲ್ಯಾಬಿನಲ್ಲಿ ಹೇಳಿದರೆ ಸಾಕು, ಮೂತ್ರವನ್ನು ಕೆಲವು ದಿನ ಬಿಟ್ಟು ಕೊಡಬಹುದು. ದೂರದಿಂದ ಹೋಗುವವರು ಆ ಲೆಕ್ಕ ನೋಡಿಯೇ ತಾರೀಕು ತೆಗೆದುಕೊಳ್ಳಲಿ. ತಾರೀಕು ಬದಲಾಗದಿದ್ದರೆ ಹೋಗುವುದನ್ನು ಬಿಡಬೇಡಿ. ರಕ್ತಪರೀಕ್ಷೆಗೆ ಮುಟ್ಟು ಅಡ್ಡಿಯಲ್ಲ.

ತಪ್ಪು ಕಲ್ಪನೆ: ಲೂಪಸ್ ಮಾತ್ರೆಗಳಿಂದ ಗರ್ಭಕೋಶ ಹಾಳಾಗುತ್ತದೆ. ಸ್ವಲ್ಪ ಗುಣವಾದ ಕೂಡಲೇ ನಿಲ್ಲಿಸುವುದು ಒಳ್ಳೆಯದು.

ಸತ್ಯ: ಒಂದೊಂದು ಮದ್ದಿನ ಕಥೆ ಒಂದೊಂದು. ಎಲ್ಲವನ್ನೂ ಒಂದೇ ಭಯದಲ್ಲಿ ಕಟ್ಟಿದ್ದರಿಂದ ಕಾಪಾಡುವ ಮಾತ್ರೆಯೂ ಕಸದಬುಟ್ಟಿ ಸೇರುತ್ತದೆ.

ಲೂಪಸ್ ಇರುವ ಬಹುತೇಕ ಎಲ್ಲರಿಗೂ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಅಂಡಾಶಯಕ್ಕೂ ಗರ್ಭಕೋಶಕ್ಕೂ ಕೆಡುಕು ಮಾಡುವುದಿಲ್ಲ, ಬಸುರಿಯಲ್ಲೂ ಮುಂದುವರಿಸುತ್ತಾರೆ. 2020ರಲ್ಲಿ ಕೊರೊನಾಗೆ ಇದೇ ಮದ್ದು ಎಂಬ ಸುದ್ದಿ ಹಬ್ಬಿ ಅಂಗಡಿಗಳಲ್ಲಿ ಖಾಲಿಯಾದಾಗ ನಿಜವಾಗಿ ಬೇಕಿದ್ದ ಲೂಪಸ್ ರೋಗಿಗಳು ಪರದಾಡಿದ್ದರು. ಕಣ್ಣಿನ ಪರೀಕ್ಷೆ ಶುರುವಿನಲ್ಲಿ ಒಮ್ಮೆ, ಮುಂದೆ ಡಾಕ್ಟರು ಹೇಳಿದಂತೆ ಮಾಡಿಸಿದರಾಯಿತು.

ಸ್ಟೀರಾಯ್ಡ್ ಮುಖ ಊದಿಸುತ್ತದೆ, ಮೊಡವೆ ತರುತ್ತದೆ, ಹೊಟ್ಟೆಯ ಮೇಲೆ ಗೆರೆ ಬರಿಸುತ್ತದೆ. ಹದಿನಾಲ್ಕರ ಹುಡುಗಿ ಕನ್ನಡಿಯ ಮುಂದೆ ನಿಂತು ಅಳುವುದು ಸಣ್ಣ ವಿಷಯವಲ್ಲ. ಎಷ್ಟೋ ಹುಡುಗಿಯರು ಮನೆಯವರಿಗೆ ಹೇಳದೆ ಮಾತ್ರೆ ನಿಲ್ಲಿಸುವುದು ಇದೇ ಕಾರಣಕ್ಕೆ. ಆದರೆ ವಾರಗಟ್ಟಲೆ ಸ್ಟೀರಾಯ್ಡ್ ತಿಂದ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ತಗ್ಗಿಸಿರುತ್ತದೆ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ವಾಂತಿ, ರಕ್ತದೊತ್ತಡ ಕುಸಿತ, ಪ್ರಾಣಾಪಾಯ. ಪ್ರಮಾಣ ಇಳಿದಂತೆ ಮುಖದ ಊತವೂ ಇಳಿಯುತ್ತದೆ ಎಂದು ಅವಳಿಗೆ ಬಿಡಿಸಿ ಹೇಳಿ. ಮಳೆಗಾಲಕ್ಕೆ ಮೊದಲೇ ಒಂದು ತಿಂಗಳ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿದ್ದನ್ನು ನೋಡಿದ್ದೇವೆ. ದಾರಿ ಮುಚ್ಚಿತೆಂದು ಈ ಮಾತ್ರೆ ನಿಲ್ಲಬಾರದು.

ಭಯಕ್ಕೆ ನಿಜವಾದ ಆಧಾರವಿರುವುದು ಸೈಕ್ಲೊಫಾಸ್ಫಮೈಡ್ ಎಂಬ ಇಂಜೆಕ್ಷನ್ನಿನ ವಿಷಯದಲ್ಲಿ. ಮೂತ್ರಪಿಂಡ, ಮಿದುಳಿಗೆ ಲೂಪಸ್ ಜೋರಾಗಿ ತಾಗಿದಾಗ ಕೊಡುವ ಈ ಮದ್ದು ಅಂಡಾಶಯದ ಅಂಡಗಳ ಸಂಖ್ಯೆಯನ್ನು ಕುಗ್ಗಿಸಬಲ್ಲದು. ಎಷ್ಟು ಎಂಬುದು ಎರಡರ ಮೇಲೆ ನಿಂತಿದೆ: ಒಟ್ಟು ಕೊಟ್ಟ ಪ್ರಮಾಣ ಮತ್ತು ವಯಸ್ಸು. ವಯಸ್ಸು ಚಿಕ್ಕದಾದಷ್ಟೂ ಅಪಾಯ ಕಡಿಮೆ, ಹಾಗಾಗಿ ಹದಿಹರೆಯ ಇಲ್ಲಿ ಅವಳ ಪರವಾಗಿದೆ. ಹಿಂದೆ ತಿಂಗಳಿಗೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದ್ದರು. ಯುರೋಪಿನ ವೈದ್ಯರು 2002ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಹದಿನೈದು ದಿನಕ್ಕೊಮ್ಮೆ 500 ಮಿಲಿಗ್ರಾಮಿನಂತೆ ಆರು ಸಲ, ಒಟ್ಟು ಮೂರೇ ಗ್ರಾಂ. ದೊಡ್ಡ ಪ್ರಮಾಣ ಕೊಡಲೇಬೇಕಾದಾಗ ಅಂಡಾಶಯಕ್ಕೆ ತಾತ್ಕಾಲಿಕ ವಿಶ್ರಾಂತಿ ಕೊಡುವ ಲ್ಯೂಪ್ರೊಲೈಡ್ ಇಂಜೆಕ್ಷನ್ನನ್ನು ಜೊತೆಗೆ ಕೊಡುವುದುಂಟು. 'ನಮ್ಮ ಮಗಳಿಗೆ ಇದು ಬೇಕೆ?' ಎಂದು ಮದ್ದು ಶುರುವಾಗುವ ಮೊದಲೇ ಕೇಳುವ ಹಕ್ಕು ತಾಯ್ತಂದೆಯರಿಗಿದೆ. ಮೈಕೊಫೆನೊಲೇಟ್ ಎಂಬ ಇನ್ನೊಂದು ಮದ್ದು ಅಂಡಾಶಯಕ್ಕೆ ತೊಂದರೆ ಕೊಡುವುದಿಲ್ಲ, ಆದರೆ ಅದನ್ನು ತಿನ್ನುವಾಗ ಬಸುರಾದರೆ ಗರ್ಭಪಾತಕ್ಕೆ, ಮಗುವಿನ ಅಂಗವೈಕಲ್ಯಕ್ಕೆ ಕಾರಣವಾಗುತ್ತದೆ. ಬಸುರಾಗುವುದಕ್ಕೆ ಕನಿಷ್ಠ ಆರು ವಾರ ಮೊದಲೇ, ಡಾಕ್ಟರ ಸಲಹೆಯಂತೆ, ಬೇರೆ ಮದ್ದಿಗೆ ಬದಲಾಗಬೇಕು.

ತಪ್ಪು ಕಲ್ಪನೆ: ಲೂಪಸ್ ಇರುವವಳಿಗೆ ಮದುವೆಯೂ ಇಲ್ಲ, ಮಕ್ಕಳೂ ಇಲ್ಲ.

ಸತ್ಯ: ಈ ಒಂದು ಮಾತು ಹುಡುಗಿಯರನ್ನು ಕಾಯಿಲೆಗಿಂತ ಹೆಚ್ಚು ನೋಯಿಸಿದೆ, ಮತ್ತು ಇದು ಸುಳ್ಳು. ಕಾಯಿಲೆ ಶಾಂತವಾಗಿದ್ದ ಅಥವಾ ಅಲ್ಪವಾಗಿದ್ದ 385 ಬಸುರಿಯರನ್ನು ಅಮೆರಿಕದ ತಜ್ಞರು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 81 ಬಸಿರುಗಳು ದೊಡ್ಡ ತೊಡಕಿಲ್ಲದೆ ಸಾಗಿದವು. ಷರತ್ತು ಒಂದೇ: ಬಸಿರು ಯೋಜಿಸಿದ್ದಾಗಿರಬೇಕು. ಕಾಯಿಲೆ ಆರು ತಿಂಗಳಾದರೂ ಹತೋಟಿಯಲ್ಲಿರಬೇಕು, ಮಗುವಿಗೆ ಕೆಡುಕಾಗುವ ಮದ್ದುಗಳಿಂದ ಅಜಥಯೊಪ್ರಿನ್‌ನಂಥ ಸುರಕ್ಷಿತ ಮದ್ದಿಗೆ ಬದಲಾಗಿರಬೇಕು. ಬಸಿರಿನ ನಂಜು ತಡೆಯಲು ಡಾಕ್ಟರು ಸಣ್ಣ ಪ್ರಮಾಣದ ಆಸ್ಪಿರಿನ್ ಬರೆಯುತ್ತಾರೆ. ತಾಯಿಯ ರಕ್ತದಲ್ಲಿ ರೋ ಎಂಬ ಪ್ರತಿಕಾಯ ಇದ್ದರೆ ನೂರರಲ್ಲಿ ಸುಮಾರು ಎರಡು ಮಕ್ಕಳಿಗೆ ಹೃದಯದ ಬಡಿತ ನಿಧಾನವಾಗುವ ತೊಂದರೆ ಬರಬಹುದು. ಮೊದಲೇ ಗೊತ್ತಿದ್ದರೆ ಸ್ಕ್ಯಾನಿಂಗಿನಲ್ಲಿ ಕಾಯ್ದು ನೋಡಬಹುದು. ತಾಯಿಗೆ ಲೂಪಸ್ ಇದೆಯೆಂದು ಮಗುವಿಗೂ ಬರಬೇಕೆಂದಿಲ್ಲ, ಬಹುಪಾಲು ಮಕ್ಕಳಿಗೆ ಬರುವುದಿಲ್ಲ.

ಹಾಗಾದರೆ ಅಪಾಯ ಎಲ್ಲಿದೆ? ಸಂಬಂಧ ತಪ್ಪೀತೆಂದು ಕಾಯಿಲೆ ಮುಚ್ಚಿಟ್ಟು ಮದುವೆ ಮಾಡುವುದರಲ್ಲಿ. ಗಂಡನ ಮನೆಯಲ್ಲಿ ಗುಟ್ಟು ಬಯಲಾಗದಿರಲೆಂದು ಅವಳು ಮಾತ್ರೆ ಬಿಡುತ್ತಾಳೆ, ಕಾಯಿಲೆ ಕೆರಳಿದ ಹೊತ್ತಿನಲ್ಲೇ ಬಸುರಾಗುತ್ತಾಳೆ. ತಾಯಿ, ಮಗು ಇಬ್ಬರ ಜೀವಕ್ಕೂ ಅದು ಕಂಟಕ. ಹದಿನೆಂಟಕ್ಕೆ ಮೊದಲಿನ ಮದುವೆ ಕಾನೂನಿನಂತೆ ಅಪರಾಧ, ಲೂಪಸ್ ಇರುವ ಹುಡುಗಿಗೆ ಅದು ನೇರವಾಗಿ ಜೀವದ ಪ್ರಶ್ನೆ. ಅವಳಿಗೆ ಮೊದಲು ಬೇಕಾದದ್ದು ಓದು, ಬಿಸಿಲಿಲ್ಲದ ಒಂದು ಉದ್ಯೋಗ, ತನ್ನ ಫೈಲನ್ನು ತಾನೇ ಓದಿಕೊಳ್ಳುವ ಶಕ್ತಿ.

ತಪ್ಪು ಕಲ್ಪನೆ: ಬಸುರಿನ ಪರೀಕ್ಷೆ ಮಾಡಿಸಿದರು, ಗುಹ್ಯರೋಗದ ಪರೀಕ್ಷೆ ಪಾಸಿಟಿವ್ ಬಂತು. ಹುಡುಗಿಯ ನಡತೆ ಸರಿಯಿಲ್ಲ.

ಸತ್ಯ: ಮೈಕೊಫೆನೊಲೇಟ್, ಸೈಕ್ಲೊಫಾಸ್ಫಮೈಡ್ ಶುರುಮಾಡುವ ಮೊದಲು ಬಸುರಿನ ಪರೀಕ್ಷೆ ಮಾಡುವುದು ನಿಯಮ. ಅದು ಯಾರ ಮಾನದ ಪ್ರಶ್ನೆಯೂ ಅಲ್ಲ. ಇನ್ನೊಂದು, ಸಿಫಿಲಿಸ್ ಹುಡುಕುವ ವಿಡಿಆರ್‌ಎಲ್ ಎಂಬ ಹಳೆಯ ಪರೀಕ್ಷೆ ಲೂಪಸ್ ಇರುವವರಲ್ಲಿ ರೋಗವಿಲ್ಲದೆಯೂ ಪಾಸಿಟಿವ್ ಬರಬಹುದು. ಆ ಪರೀಕ್ಷೆ ಹುಡುಕುವ ಪದಾರ್ಥಕ್ಕೂ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಕ್ಕೂ ನಂಟಿದೆ. ಇದು ಲೂಪಸ್‌ನ ಹಳೆಯ ಗುರುತುಗಳಲ್ಲೊಂದು. ಖಚಿತಪಡಿಸಲು ಬೇರೆ ಪರೀಕ್ಷೆ ಇದೆ. ಅಷ್ಟರೊಳಗೆ ಮನೆಯಲ್ಲಿ ಒಂದು ಮಾತೂ ಎತ್ತಬೇಡಿ.

ತಪ್ಪು ಕಲ್ಪನೆ: ಲೂಪಸ್ ಇರುವವರಿಗೆ ಗರ್ಭಕಂಠದ ಕ್ಯಾನ್ಸರ್ ಲಸಿಕೆ ಕೊಡಬಾರದು.

ಸತ್ಯ: ಕೊಡಬೇಕು, ಉಳಿದವರಿಗಿಂತ ಹೆಚ್ಚಾಗಿ ಇವರಿಗೇ ಕೊಡಬೇಕು. ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದಿನಿಂದ, ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಇವರ ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. 2023ರಿಂದ ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ನಮ್ಮ ದೇಶದಲ್ಲೇ ತಯಾರಾಗಿ ಸಿಗುತ್ತಿದೆ. ಇವರಿಗೆ ಸಾಮಾನ್ಯವಾಗಿ ಮೂರು ಡೋಸ್ ಹೇಳುತ್ತಾರೆ. ದಡಾರ, ಚಿಕನ್‌ಪಾಕ್ಸ್‌ನಂಥವುಗಳ ಜೀವಂತ ಲಸಿಕೆಗಳನ್ನು ಮಾತ್ರ ಕೇಳದೆ ಹಾಕಿಸಬಾರದು.

ತಪ್ಪು ಕಲ್ಪನೆ: ಮೀನು ನಂಜು, ಬಿಡಬೇಕು. ಅಮೃತಬಳ್ಳಿ ಕಷಾಯ ಶಕ್ತಿ ಕೊಡುತ್ತದೆ, ಕುಡಿಯಬೇಕು.

ಸತ್ಯ: ಇಲ್ಲಿ ಬಿಡುವುದೂ ಹಿಡಿಯುವುದೂ ತಿರುವುಮುರುವಾಗಿದೆ. ತಾಜಾ ಮೀನು ಲೂಪಸ್ ಕೆರಳಿಸುವುದಿಲ್ಲ, ರಕ್ತ ಕಳೆದುಕೊಳ್ಳುವ ಹುಡುಗಿಗೆ ಅದು ಒಳ್ಳೆಯ ಆಹಾರ. ಮಿತಿ ಬೇಕಿರುವುದು ಒಣಮೀನಿನ, ಉಪ್ಪಿನಕಾಯಿಯ ಉಪ್ಪಿಗೆ, ಅದರಲ್ಲೂ ರಕ್ತದೊತ್ತಡ ಅಥವಾ ಬಾವು ಇದ್ದಾಗ. 'ಉಷ್ಣ'ಕ್ಕೆಂದು ದಿನವೂ ಎಳನೀರು ಕೊಡುವವರು ಮೂತ್ರಪಿಂಡ ಸೋತಿದ್ದರೆ ಡಾಕ್ಟರನ್ನು ಕೇಳಬೇಕು. ಅದರ ಪೊಟ್ಯಾಸಿಯಂ ಹೊರಹೋಗದೆ ಹೃದಯಕ್ಕೆ ತೊಂದರೆಯಾದೀತು. ಇನ್ನು ರೋಗನಿರೋಧಕ ಶಕ್ತಿಯೇ ಅತಿಯಾಗಿ ಕೆರಳಿರುವ ಕಾಯಿಲೆಗೆ ಅದನ್ನು ಹೆಚ್ಚಿಸುವ ಮದ್ದು ಏಕೆ? ಅಮೃತಬಳ್ಳಿ ತಿಂದ ಕೆಲವರ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಲೂಪಸ್ ಇರುವ ಹುಡುಗಿಯ ಮೇಲೆ ಪ್ರಯೋಗ ಬೇಡ.

ಈಗ ಮಾಡಬೇಕಾದದ್ದು

ಒಂದು ಸಣ್ಣ ನೋಟ್‌ಬುಕ್ ಅಥವಾ ಗೋಡೆಯ ಕ್ಯಾಲೆಂಡರ್ ಸಾಕು. ಮುಟ್ಟು ಶುರುವಾದ ದಿನ, ನಿಂತ ದಿನ, ದಿನಕ್ಕೆ ಎಷ್ಟು ಪ್ಯಾಡ್, ಆ ದಿನಗಳಲ್ಲಿ ಗಂಟುನೋವು ಅಥವಾ ಜ್ವರ ಬಂದಿತೇ, ಯಾವ ಮಾತ್ರೆ ನುಂಗಿದಳು, ಇಷ್ಟನ್ನು ಅವಳೇ ಬರೆದಿಡಲಿ. ಅದನ್ನು ದೊಡ್ಡಾಸ್ಪತ್ರೆಗೆ ಒಯ್ದು ಲೂಪಸ್ ಡಾಕ್ಟರ ಮುಂದಿಡಿ, ಫೈಲಿನಲ್ಲಿ ಬರೆಯಲು ಹೇಳಿ. ಊರಿನ ಸ್ತ್ರೀರೋಗ ತಜ್ಞರ ಬಳಿ ಹೋಗುವಾಗ ಲೂಪಸ್ ಫೈಲ್ ಕೈಯಲ್ಲಿರಲಿ, ಅದರ ಮೊದಲ ಪುಟದಲ್ಲಿ ಮೂರು ಸಂಗತಿ ಕಾಣುವಂತಿರಲಿ: ಆಂಟಿಫಾಸ್ಫೋಲಿಪಿಡ್ ಪರೀಕ್ಷೆಯ ಫಲಿತಾಂಶ, ಮೂತ್ರಪಿಂಡದ ಸ್ಥಿತಿ, ಈಗ ತಿನ್ನುತ್ತಿರುವ ಮದ್ದುಗಳ ಪಟ್ಟಿ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಹದಿಹರೆಯದವರಿಗಾಗಿಯೇ ಇದೆ. ಆಶಾ ಕಾರ್ಯಕರ್ತೆಯರಿಗೆ ಅವಳ ಕಾಯಿಲೆಯ ಹೆಸರು ಗೊತ್ತಿದ್ದರೆ ಪ್ಲೇಟ್‌ಲೆಟ್, ರಕ್ತದೊತ್ತಡ, ಮೂತ್ರದ ಪರೀಕ್ಷೆಗಳನ್ನು ಊರಲ್ಲೇ ಮಾಡಿಸಲು ನೆರವಾಗುತ್ತಾರೆ. ಬಿಪಿಎಲ್ ಕುಟುಂಬಗಳು ದೊಡ್ಡಾಸ್ಪತ್ರೆಗೆ ಹೊರಡುವ ಮೊದಲು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಕಾರ್ಡು, ಶಿಫಾರಸು ಪತ್ರ ಮಾಡಿಸಿಕೊಳ್ಳಲಿ.

ಡಾಕ್ಟರ ಕೋಣೆಯಲ್ಲಿ ಕೆಲವು ನಿಮಿಷವಾದರೂ ಅವಳನ್ನು ತಾಯಿಯೊಂದಿಗೆ, ಬೇಕೆಂದರೆ ಒಬ್ಬಳನ್ನೇ, ಮಾತನಾಡಲು ಬಿಡಿ. ಹೆದ್ದಾರಿಯ ಆ ತುದಿಯ ಡಾಕ್ಟರಿಗೂ ಈ ತುದಿಯ ಡಾಕ್ಟರಿಗೂ ನಡುವೆ ಸುದ್ದಿ ಒಯ್ಯಬಲ್ಲವಳು ಅವಳೊಬ್ಬಳೇ. ಆಸ್ಪತ್ರೆ ಹತ್ತಿರ ಬರಲು ವರ್ಷಗಳು ಬೇಕಾದಾವು. ಮುಟ್ಟಿನ ಮಾತನ್ನು ನಾಚಿಕೆಯಿಲ್ಲದೆ ಆಡಲು ಅಷ್ಟು ಕಾಯಬೇಕಿಲ್ಲ, ಈ ತಿಂಗಳಿಂದಲೇ ಶುರುಮಾಡಬಹುದು. ಅವಳ ಮೂತ್ರಪಿಂಡ, ಅವಳ ರಕ್ತ, ನಾಳೆ ಅವಳು ಬಯಸಿದರೆ ಅವಳ ಮಗು, ಮೂರನ್ನೂ ಕಾಪಾಡುವುದು ಸರಿಯಾದ ಹೊತ್ತಿಗೆ ಹೇಳಿದ ಈ ಮಾತುಗಳೇ.